ಗಿರಣಿಪೇಟೆಯ ಮರುನುಡಿ ಕಂಬ

ಕಾರ್ಪೊರೇಟರ್ ಕರಿಬಸಪ್ಪನ ಬಾಯಿ ಆಡುತ್ತಿತ್ತು, ಮಾತು ಬರುತ್ತಿರಲಿಲ್ಲ. ಕೈ ಎತ್ತಿದ, ಮೇಜು ಗುದ್ದಿದ, ಕತ್ತಿನ ನರ ಉಬ್ಬಿಸಿದ. ಗಿರಣಿಪೇಟೆಯ ವಾರ್ಡ್ ಸಭೆಗೆ ಬಂದಿದ್ದ ಜನಕ್ಕೆ ಕೇಳಿಸಿದ್ದು ಮೇಜಿನ ಸದ್ದು ಮಾತ್ರ. ಅವನ ಮುಂದೆ ಆಳೆತ್ತರದ ಕಂಬವೊಂದು ಕೆಂಪು ದೀಪ ಹೊತ್ತಿಸಿಕೊಂಡು ತಣ್ಣಗೆ ನಿಂತಿತ್ತು. ಜನ ನಕ್ಕರು. ಮಾತನ್ನು ನುಂಗುವ ಆ ಕಂಬ ನಗುವನ್ನು ನುಂಗುವುದಿಲ್ಲ. ಅದನ್ನು ಕಟ್ಟಿದ ವಿಜ್ಞಾನಿ ಜಕಿಯಾ ಬೇಕೆಂದೇ ಹಾಗೆ ಮಾಡಿದ್ದಳು.

ಎಲ್ಲರೂ ಕೈ ತೋರಿಸಿದ್ದು ಹಾಲಮ್ಮನ ಕಡೆಗೆ. ಆಗಷ್ಟೇ ಮಾತು ಮುಗಿಸಿ ಕುಳಿತವಳು ಅವಳು. ಅವಳ ಮಾತನ್ನು ಮೊದಲು ಹೇಳದೆ ತನ್ನದನ್ನು ಶುರು ಮಾಡಿದರೆ, ಈ ಕಂಬದೆದುರು ಕಾರ್ಪೊರೇಟರೂ ಮೂಕ, ಕಮಿಷನರೂ ಮೂಕ.

ಮರುನುಡಿ ಕಂಬ ಆ ಹಳೆಯ ಗಿರಣಿ ಊರಿಗೆ ಬಂದು ಒಂದು ಬೇಸಿಗೆ ಕಳೆದಿತ್ತು. ಇಪ್ಪತ್ತೊಂದನೆಯ ಶತಮಾನ ಅರ್ಧ ದಾಟಿದ್ದ ಆ ಕಾಲದಲ್ಲಿ ಶಬ್ದವನ್ನು ಶಬ್ದದಿಂದಲೇ ಅಳಿಸುವುದು ಹೊಸದೇನಲ್ಲ. ಶಬ್ದವೆಂದರೆ ಗಾಳಿಯ ಅಲೆ. ಅಲೆ ಉಬ್ಬಿದ ಕಡೆ ಅಷ್ಟೇ ಆಳದ ತಗ್ಗನ್ನು ತಂದು ಕೂಡಿಸಿದರೆ ಎರಡೂ ಸೇರಿ ಸಪಾಟಾಗುತ್ತವೆ. ಉಳ್ಳವರು ಆ ವಿದ್ಯೆಯನ್ನು ತಮ್ಮ ಮಲಗುವ ಕೋಣೆಗೆ ಹಾಕಿಸಿಕೊಂಡಿದ್ದರು, ಬೀದಿಯ ಸದ್ದು ಕೇಳಿಸಬಾರದೆಂದು. ಜಕಿಯಾ ಅದನ್ನೇ ಮಗುಚಿ ಹಾಕಿದಳು, ಬೀದಿಯ ಮಾತು ಕೇಳಿಸಲೇಬೇಕೆಂದು. ಸಭಾಂಗಣದ ಚಾವಣಿಗೆಲ್ಲ ಉದ್ದಿನಕಾಳಿನಷ್ಟು ಸಣ್ಣ ಸ್ಪೀಕರುಗಳನ್ನು ಅಂಟಿಸಿದಳು. ಕುಳಿತಲ್ಲಿಂದ ಕೂಗಿದವರ ದನಿ ಪಕ್ಕದವರನ್ನು ದಾಟುತ್ತಿರಲಿಲ್ಲ. ಕಂಬದ ಮುಂದೆ ನಿಂತವರ ದನಿಗೆ ಮಾತ್ರ ದಾರಿ, ಅದಕ್ಕೂ ಒಂದು ಷರತ್ತು.

ನಿಂತವರು ಮೊದಲು ತಮಗಿಂತ ಹಿಂದೆ ಮಾತಾಡಿದವರ ವಾದವನ್ನು ಹೇಳಬೇಕು. 'ಅವರು ಹೀಗಂದರು' ಅಂತಲ್ಲ. ಅವರೇ ಆಗಿ, 'ನಾನು' ಎಂದು. ಹಾಗೆ ಹಿಂದೆ ಮಾತಾಡಿದವರ ಕೈಯಲ್ಲಿ ಎರಡು ಗುಂಡಿಯ ಪುಟ್ಟ ಡಬ್ಬಿ. ಹೌದು, ನಾನಂದದ್ದು ಇದೇ ಅನ್ನಿಸಿದರೆ ಹಸಿರು ಒತ್ತುತ್ತಾರೆ. ಆಮೇಲೆ ನಿಂತವರು ತಮ್ಮ ಮಾತು ಆಡಬಹುದು. ಅಲ್ಲ ಅನ್ನಿಸಿದರೆ ಕೆಂಪು. ದನಿ ಅಡಗುತ್ತದೆ, ಮತ್ತೆ ಮೊದಲಿಂದ.

"ಯಂತ್ರಕ್ಕೆ ಬುದ್ಧಿ ಕೊಟ್ಟಿಲ್ಲ," ಎನ್ನುತ್ತಿದ್ದಳು ಜಕಿಯಾ. "ಸರಿ, ತಪ್ಪು ಅದು ನೋಡಲ್ಲ. ನೋಡೋದು ನಿಮ್ಮ ಎದುರಾಳಿ."

ಪದ್ಧತಿ ಅವಳದ್ದಲ್ಲ. ಹುಡುಗಿಯಾಗಿದ್ದಾಗ ಅವಳು ಹೋಗುತ್ತಿದ್ದ, ಪುಸ್ತಕದ ಬೈಂಡಿಂಗ್ ಅಂಗಡಿಯ ಅಟ್ಟದ ಮೇಲೆ ಭಾನುವಾರ ಸೇರುತ್ತಿದ್ದ ಓದುಗರ ಕೂಟದ್ದು. ಅಲ್ಲಿ ಪುಸ್ತಕವನ್ನು ಬೈಯಬೇಕೆಂದವರು ಮೊದಲು ಅದನ್ನು ಮೆಚ್ಚಿದವರ ಬಾಯಾಗಬೇಕಿತ್ತು. ಬೈಯಲು ಬಂದ ಎಷ್ಟೋ ಜನ ಆ ಪುಸ್ತಕವನ್ನೇ ಎರವಲು ಕೇಳಿಕೊಂಡು ಹೋಗುತ್ತಿದ್ದರು.

ಇವತ್ತಿನ ವಿಷಯ ರೈಲ್ವೆ ಕೆಳಸೇತುವೆ. ಊರನ್ನು ಹಳೇ ಪೇಟೆ, ಹೊಸ ಬಡಾವಣೆ ಎಂದು ಸೀಳಿದ ರೈಲು ಹಳಿಯ ಕೆಳಗೆ ಹೋಗುವ ಒಂದೇ ಇಕ್ಕಟ್ಟು ದಾರಿ. ಅದರ ಬಾಯಲ್ಲಿ ಟೋಲ್ ಕಟ್ಟೆ ಕಟ್ಟಿ, ಟೋಲ್ ಕೊಟ್ಟವರಿಗೆ ಬೇಗ ದಾಟುವ ಪಥ ಬಿಡಬೇಕೆಂದು ಕರಿಬಸಪ್ಪ ನಿರ್ಣಯ ತಂದಿದ್ದ. ಹಾಲಮ್ಮ ಸಂಜೆ ಹೊತ್ತು ಬಿಸಿ ಮಿರ್ಚಿ ಕರಿದು ಮಂಡಕ್ಕಿ ಜೊತೆ ಕೊಡುವ ಗಾಡಿ ನಿಲ್ಲುವುದು ಅದೇ ಬಾಯಲ್ಲಿ. ಗಿರಣಿ ಮುಚ್ಚಿದಾಗ ಅವಳಜ್ಜಿ ಹಿಡಿದ ಜಾಗ ಅದು. ನಿರ್ಣಯ ಪಾಸಾದರೆ ಅವಳೂ ಅಲ್ಲಿನ ಗಾಡಿಯವರೆಲ್ಲರೂ ಊರಾಚೆಯ ರಿಂಗ್ ರೋಡಿಗೆ. ಅಲ್ಲಿ ಮಿರ್ಚಿ ತಿನ್ನುವವರು ಯಾರು, ಲಾರಿಗಳಾ?

ಗಿರಣಿಯ ಸೈರನ್ ಮಾತ್ರ ಇನ್ನೂ ಬದುಕಿತ್ತು. ಸಂಜೆ ಆರಕ್ಕೆ ಅದು ಕೂಗಿದ ಕೂಡಲೇ ಚರ್ಚೆ ಬಂದ್, ಮತ ಶುರು.

ಕರಿಬಸಪ್ಪ ಮುನಿಸಿಕೊಂಡು ಕುಳಿತ ಮೇಲೆ ಎದ್ದವನು ಇನ್‌ಸ್ಪೆಕ್ಟರ್ ತಿಪ್ಪೇಸ್ವಾಮಿ. ದಪ್ಪ ಮೀಸೆ, ಗಂಜಿ ಹಾಕಿದ ಖಾಕಿ. ಕಂಬದ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ.

"ನಾನು ಹಾಲಮ್ಮ," ಅಂದ.

ಸಭೆ ಬಿದ್ದು ಬಿದ್ದು ನಕ್ಕಿತು.

"ನಗಬೇಡ್ರಿ. ನಾನು ಹಾಲಮ್ಮ. ನಮ್ಮಜ್ಜಿ ಕಾಲದಿಂದ ನಂದು ಅದೇ ಜಾಗ. ಹೋದ ತಿಂಗ್ಳು ಪೊಲೀಸ್ನೋರು ಬಂದು ನನ್ನ ಬಾಣಲೆ ಎತ್ಕೊಂಡು ಹೋದ್ರು. ಬಿಡಿಸ್ಕೊಳ್ಳೋಕೆ ಸ್ಟೇಷನ್ನಿಗೆ ಹೋದ್ರೆ, ಸಾಹೇಬ್ರು ಮೀಟಿಂಗ್‌ನಾಗೆ ಅದಾರೆ ಅಂದ್ರು. ಸಾಹೇಬ್ರು ಮೀಟಿಂಗ್‌ನಾಗೆ ಇರ್ಲಿಲ್ಲ. ಒಳಗೆ ಕೂತು ಟೀ ಕುಡೀತಿದ್ರು. ಟೋಲ್ ಬಂದ್ರೆ ನನ್ನ ಜಾಗಾನೂ ಆ ಬಾಣಲೆ ಹೋದ ಹಂಗೇ ಹೋಗ್ತೈತೆ."

"ಯವ್ವಾ, ಟೀ ವಿಷ್ಯ ನಾ ಹೇಳಿರ್ಲಿಲ್ಲ ಕಣೇ," ಎಂದು ಹಾಲಮ್ಮ ಪಕ್ಕದವಳ ತೊಡೆ ಗಿಲ್ಲಿದಳು. ಹಸಿರು ಒತ್ತಿದಳು.

"ಈಗ ನಾನು ತಿಪ್ಪೇಸ್ವಾಮಿ," ಎಂದು ಇನ್‌ಸ್ಪೆಕ್ಟರ್ ಉಸಿರು ಬಿಟ್ಟ. "ಟೋಲ್ ಬೇಕೋ ಬೇಡ್ವೋ ನನ್ನ ಯಾರೂ ಕೇಳಿಲ್ಲ. ಮೇಲಿಂದ ಫೋನ್ ಬಂದ್ರೆ ಗಾಡಿ ಎತ್ತಿಸ್ತೀನಿ. ಕೆಳಸೇತುವೆ ಕಟ್ಟಿಕೊಳ್ಳೋದು ಗಾಡಿಯಿಂದ ಅಲ್ಲ, ಅಡ್ಡ ನಿಲ್ಲಿಸಿದ ಕಾರಿನಿಂದ. ಅದು ನಂಗೂ ಗೊತ್ತು. ಕಾರು ಎತ್ತಿಸಿದ್ರೆ ಇನ್ನೊಂದು ಫೋನ್ ಬರ್ತೈತೆ. ಮಿರ್ಚಿ ಗಾಡಿ ಎತ್ತಿಸಿದ್ರೆ ಯಾರ ಫೋನೂ ಬರಲ್ಲ. ಅಷ್ಟೇ ನನ್ನ ಮಾತು."

ಈ ಸಲ ನಗು ಬರಲಿಲ್ಲ. ಖಾಕಿ ಬಟ್ಟೆಯೊಳಗಿಂದ ಅಂಥ ಮಾತು ಬಂದದ್ದನ್ನು ಗಿರಣಿಪೇಟೆ ಕೇಳಿರಲಿಲ್ಲ.

ಕರಿಬಸಪ್ಪ ಈಗ ಜಾಣನಾಗಿ ಬಂದ. ಇನ್‌ಸ್ಪೆಕ್ಟರನ ಮಾತನ್ನು ಚೊಕ್ಕವಾಗಿ ಹೇಳಿ ಹಸಿರು ಗಿಟ್ಟಿಸಿಕೊಂಡ. ಆಮೇಲೆ ತನ್ನದು: "ಊರಿಗೆ ವೇಗ ಬೇಕು. ಟೋಲ್ ಕೊಡೋರಿಗೆ ಒಂದು ಪಥ, ಉಳಿದೋರಿಗೆ ಒಂದು ಪಥ, ಯಾರಿಗೂ ಅನ್ಯಾಯ ಇಲ್ಲ. ಗಾಡಿಯೋರಿಗೆ ರಿಂಗ್ ರೋಡಿನಾಗೆ ಚೆಂದದ ಜಾಗ. ಮಳೆಗಾಲದಾಗೆ ನಮ್ಮ ಓಣಿ ಬಸುರಿ ಹೆಂಗಸು ಅದೇ ಕೆಳಸೇತುವೇಲಿ ಸಿಕ್ಕಾಕ್ಕೊಂಡು ಆಟೋದಾಗೇ ಹೆತ್ತಳು. ಅದನ್ನ ನೆನಪು ಮಾಡ್ಕೊಂಡು ಮತ ಹಾಕ್ರಿ." ಜನ ತಲೆದೂಗಿದರು. ಆ ತಾಯಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಎರಡನೇ ಸಾಲಿನಲ್ಲೇ ಕುಳಿತಿದ್ದಳು.

ಹಾಲಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ನಾನು ಕರಿಬಸಪ್ಪ. ಉಳ್ಳೋರು ಮುಂದೆ, ಇಲ್ದೋರು ಹಿಂದೆ, ಗಾಡಿಯೋರು ಊರಾಚೆ."

ಕೆಂಪು. ಅದು ಸರಿಯೇ, ಅವಳು ಕುಟುಕಿದ್ದಳು. ಎರಡನೇ ಸಲ ಅವನ ಮಾತನ್ನು ಅಕ್ಷರ ಬಿಡದಂತೆ ಒಪ್ಪಿಸಿದಳು. ಮತ್ತೆ ಕೆಂಪು. ಕರಿಬಸಪ್ಪ ಗೋಡೆಯ ಗಡಿಯಾರ ನೋಡಿ ಮುಗುಳ್ನಕ್ಕ.

ಆಗ ಸಭೆಗೆ ಅರ್ಥವಾಯಿತು. ಆರರವರೆಗೆ ಕೆಂಪು ಒತ್ತುತ್ತ ಕುಳಿತರೆ ಸಾಕು. ಕೊನೆಯ ಮಾತು ಅವನದೇ ಉಳಿಯುತ್ತದೆ, ಮತ ಅದರ ಮೇಲೆ ಬೀಳುತ್ತದೆ.

ಹಿಂದಿನ ಸಾಲಿನಲ್ಲಿ ಜಕಿಯಾ ತುಟಿ ಕಚ್ಚಿದಳು. ಚಾವಣಿಯ ಕೊನೆಯ ಸ್ಪೀಕರಿನವರೆಗೆ ಎಲ್ಲವನ್ನೂ ಲೆಕ್ಕ ಹಾಕಿದ್ದಳು, ಇದೊಂದು ಹೊಳೆದಿರಲಿಲ್ಲ. ತನ್ನ ಮಾತು ಇನ್ನೊಬ್ಬರಿಗೆ ಸರಿಯಾಗಿ ತಿಳಿಯಿತೆಂದರೆ ಯಾರಿಗೆ ತಾನೇ ಸಂತೋಷವಾಗುವುದಿಲ್ಲ ಎಂದುಕೊಂಡಿದ್ದಳು. ಓದುಗರ ಕೂಟದ ಅಟ್ಟದ ಮೇಲೆ ಅದು ನಿಜವಾಗಿತ್ತು. ಜನಕ್ಕೆ ತಿಳಿಯದಿರುವುದರಿಂದಲೇ ಹೊಟ್ಟೆ ಹೊರೆಯುವವರು ಆ ಅಟ್ಟ ಹತ್ತಿ ಬರುತ್ತಿರಲಿಲ್ಲ! ಕಂಬವನ್ನು ಆರಿಸಿಬಿಡೋಣವೆಂದು ಎದ್ದು ಸ್ವಿಚ್ಚಿನ ಕಡೆ ನಡೆದಳು.

ಹಾಲಮ್ಮ ಅಲ್ಲಿಂದಲೇ ಕೈ ಆಡಿಸಿದಳು. ಬೇಡ, ಇರಲಿ. ಆಮೇಲೆ ಕರಿಬಸಪ್ಪನ ಮುಖವನ್ನೇ ನೋಡುತ್ತ, ದನಿ ತಗ್ಗಿಸಿ, ಮೂರನೇ ಸಲ ಶುರು ಮಾಡಿದಳು.

"ನಾನು ಕರಿಬಸಪ್ಪ. ಅವತ್ತು ಆ ಆಟೋ ಹಿಂದೆ ಓಡಿದೋನು ನಾನೇ. ಮಳೇಲಿ ಚಪ್ಪಲಿ ಕಿತ್ತೋಗಿತ್ತು. ಒಂದೊಂದು ಕಾರಿನ ಗಾಜು ಬಡಿದೆ, ಕೈ ಮುಗಿದೆ, ಯಾರೂ ಸರೀಲಿಲ್ಲ. ಒಳಗೆ ಕೂಸು ಅತ್ತ ಸದ್ದು ಕೇಳಿದಾಗ ನಂಗೂ ಅಳು ಬಂತು. ಜನ ನೋಡ್ಬಾರ್ದು ಅಂತ ಒಂದು ಮಿರ್ಚಿ ಗಾಡಿ ಮರೇಲಿ ನಿಂತು ಅತ್ತೆ. ಗಾಡಿಯೋಳು ನೀರು ಕೊಟ್ಟಳು. ಅವತ್ತಿಂದ ಆ ದಾರಿ ಬಿಡಿಸ್ಬೇಕು ಅನ್ನೋದೊಂದೇ ನನ್ನ ತಲೇಲಿ. ದಾರಿ ಬಿಡಿಸ್ರಿ ಅಂತ ದೊಡ್ಡೋರ ಹತ್ರ ಹೋದೆ. ಅವ್ರು ಟೋಲ್ ಅಂತ ಕಲಿಸಿ ಕಳಿಸಿದ್ರು. ನಂಗೆ ಬೇಕಾಗಿದ್ದು ದಾರಿ."

ಎರಡನೇ ಸಾಲಿನ ತಾಯಿ ತಿರುಗಿ ಕರಿಬಸಪ್ಪನನ್ನು ನೋಡಿದಳು. ಮಗುವೂ ನೋಡಿತು. ಕೆಂಪು ಒತ್ತಿದರೆ ಅದೆಲ್ಲ ಸುಳ್ಳು ಎಂದಂತೆ. ಹಸಿರು ಒತ್ತಿದರೆ ಟೋಲ್ ತನ್ನದಲ್ಲ ಎಂದಂತೆ. ಅವನ ಹೆಬ್ಬೆರಳು ಎರಡು ಗುಂಡಿಗಳ ನಡುವೆ ಅಲೆಯಿತು. ಸಿಕ್ಕಿಬಿದ್ದೆನೆಂದು ಒತ್ತಿದನೋ, ತಾನೇ ಮರೆತಿದ್ದನ್ನು ಬೇರೊಬ್ಬರ ಬಾಯಲ್ಲಿ ಕೇಳಿ ಒತ್ತಿದನೋ, ಅವನು ಮುಂದೆಂದೂ ಬಾಯಿ ಬಿಡಲಿಲ್ಲ.

ಹಸಿರು ಹೊತ್ತಿತು.

"ದಾರಿ ತಾನೇ ಕರಿಬಸಣ್ಣ? ಬಿಡ್ತೀವಿ," ಹಾಲಮ್ಮನ ಸ್ವಂತ ದನಿ ಈಗ ಸಭಾಂಗಣ ತುಂಬಿತು. "ಆಂಬುಲೆನ್ಸ್ ಸದ್ದು ಕೇಳಿದ್ರೆ ಬಾಣಲೆ ಇಳಿಸಿ ಪಕ್ಕಕ್ಕೆ ಸರೀತೀವಿ. ಅವತ್ತೂ ಸರಿದಿದ್ವಿ. ಸರೀದೇ ಇದ್ದದ್ದು ಯಾವ್ದು ಅಂತ ಇನ್‌ಸ್ಪೆಕ್ಟರ್ ಸಾಹೇಬ್ರು ಆಗ್ಲೇ ಹೇಳಿದಾರೆ, ಅದನ್ನ ಎತ್ತಿಸ್ರಿ. ನಮ್ಮ ಗಾಡಿಗೆ ಗಾಲಿ ಅದಾವೆ. ನಿಮ್ಮ ಟೋಲ್ ಕಟ್ಟೆಗೆ ಗಾಲಿ ಅದಾವೇನು? ಬಸುರಿ ಬಂದ್ರೆ ಅದು ಸರಿಯುತ್ತಾ?"

ಗಿರಣಿಯ ಸೈರನ್ ಕೂಗಿತು. ನಗೆಯೊಳಗೆ ಅದು ಯಾರಿಗೂ ಸರಿಯಾಗಿ ಕೇಳಿಸಲೇ ಇಲ್ಲ.

ನಿರ್ಣಯ ಬಿತ್ತು. ಬೀಳಿಸಲು ಎತ್ತಿದ ಕೈಗಳ ನಡುವೆ, ತುಸು ತಡವಾಗಿ, ಕರಿಬಸಪ್ಪನದೂ ಒಂದಿತ್ತು.

ಆ ಸಂಜೆ ಕೆಳಸೇತುವೆಯ ಬಾಯಲ್ಲಿ ಜಾತ್ರೆಗಿಂತ ಹೆಚ್ಚು ಜನ. ಬಾಣಲೆಯನ್ನು ತಿಪ್ಪೇಸ್ವಾಮಿಯೇ ಜೀಪಿನಲ್ಲಿ ತಂದಿಳಿಸಿದ. ಹಾಲಮ್ಮ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

"ತೊಳೆದಿದೀರಿ!"

"ನಾನೇ ತೊಳ್ದೆ. ಮೀಟಿಂಗ್ ಇರ್ಲಿಲ್ಲ," ಅಂದ ಇನ್‌ಸ್ಪೆಕ್ಟರ್.

ಕರಿಬಸಪ್ಪ ಮಂಡಕ್ಕಿಯ ಪೊಟ್ಟಣ ಹಿಡಿದು ಹತ್ತಿರ ಬಂದ. "ಹಾಲಕ್ಕ, ನಾ ಅತ್ತಿದ್ದು ಯಾಕೆ ತೆಗೆದೆ ಊರ ಮುಂದೆ?"

"ನೀ ಕೆಂಪು ಒತ್ತಿದ್ದಕ್ಕೆ. ತಿನ್ನು, ಖಾರ ಸಾಕಾ ಹೇಳು."

"ಜಾಸ್ತಿ ಆತು," ಎಂದು ಕಣ್ಣೊರೆಸಿಕೊಂಡ. ಖಾರಕ್ಕೋ ಏನೋ, ಯಾರೂ ಕೇಳಲಿಲ್ಲ.

ಮುಂದಿನ ಸಭೆಗೆ ಮೊದಲು ಜಕಿಯಾ ಕಂಬವನ್ನು ತಿದ್ದಿದಳು. ಕೆಂಪು ಒತ್ತಿದವರು ಇನ್ನು ಎದ್ದು ನಿಂತು, ತಪ್ಪಿದ್ದು ಎಲ್ಲಿ ಎಂದು ಹೇಳಬೇಕು. ಕಂಬ ಊರೂರಿಗೆ ಹೋಯಿತು. ಶಾಲೆಗಳು ಹಾಕಿಸಿಕೊಂಡವು. ಒಂದು ಊರಿನ ಕಲ್ಯಾಣಮಂಟಪ ಹಾಕಿಸಿಕೊಂಡು, ಬೀಗರಿಬ್ಬರೂ ಪರಸ್ಪರರ ಮಾತು ಒಪ್ಪಿಸುವಷ್ಟರಲ್ಲಿ ಮುಹೂರ್ತ ಮೀರಿತೆಂದು ಕಿತ್ತುಹಾಕಿತು. ವಿಧಾನಸಭೆಯಂಥ ದೊಡ್ಡ ದೊಡ್ಡ ಸಭೆಗಳು ಮಾತ್ರ ಕಂಬ ಬೇಕೋ ಬೇಡವೋ ಎಂದು ಇನ್ನೂ ಪರಿಶೀಲಿಸುತ್ತಲೇ ಇದ್ದವು. ಅಲ್ಲಿ ಕೂತವರಿಗೆ ಕಿತ್ತಾಟದಿಂದ ಯಾವ ನಷ್ಟವೂ ಇರಲಿಲ್ಲ. ನಷ್ಟವೆಲ್ಲ ಕೆಳಸೇತುವೆಯವರದ್ದು.

ಕೆಲವು ವರ್ಷದ ಮೇಲೆ ಜಕಿಯಾ ತನ್ನ ಕಾಲೇಜಿನ ತರಗತಿಯಲ್ಲಿ ಒಂದು ಹಳೆಯ ಧ್ವನಿಮುದ್ರಣ ಹಾಕಿದಳು. ಕಂಬ ಬರುವುದಕ್ಕಿಂತ ದಶಕಗಳ ಹಿಂದಿನದು. ಯಾವುದೋ ವಾರ್ಡಿನ ಸಭೆ. ವಿಷಯ ಅದೇ: ರಸ್ತೆ, ಟೋಲು, ಪೊಲೀಸು. ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ವಿದ್ಯಾರ್ಥಿಗಳು ಮೊದಲು ನಕ್ಕರು, ಆಮೇಲೆ ಕಿವಿ ಮುಚ್ಚಿಕೊಂಡರು. ಜಕಿಯಾ ಆ ಗದ್ದಲದಿಂದ ಒಂದೊಂದೇ ದನಿಯನ್ನು ಎಳೆ ಬಿಡಿಸಿದಂತೆ ಬೇರ್ಪಡಿಸುವುದನ್ನು ಕಲಿಸುತ್ತ ಹೋದಳು. ದಪ್ಪ ದನಿಗಳೆಲ್ಲ ಹೋದ ಮೇಲೆ ತಳದಲ್ಲಿ ಒಂದು ಹೆಂಗಸಿನ ದನಿ ಉಳಿಯಿತು.

"ನಂದೊಂದು ಮಾತೈತ್ರಿ... ಸ್ವಾಮಿ, ನಂದೊಂದು ಮಾತೈತ್ರಿ..."

ಸಭೆ ಮುಗಿಯುವವರೆಗೆ ಅಷ್ಟೇ. ಮಾತು ಬರಲೇ ಇಲ್ಲ.

"ಏನು ಹೇಳ್ಬೇಕಿತ್ತಂತೆ ಮೇಡಂ ಅವ್ರು?" ಒಬ್ಬ ವಿದ್ಯಾರ್ಥಿನಿ ಕೇಳಿದಳು.

"ಗೊತ್ತಿಲ್ಲ. ಇನ್ನು ಗೊತ್ತಾಗೋದೂ ಇಲ್ಲ."

"ಪಾಪ. ಆಗ ಕಂಬ ಇರ್ಲಿಲ್ಲ ಅಲ್ವಾ?"

"ಕಂಬ ಇರ್ಲಿಲ್ಲ," ಅಂದಳು ಜಕಿಯಾ. "ಕಿವಿ ಇತ್ತಲ್ಲ."