ಹದಿನಾಲ್ಕು ಬರಬೇಕಿತ್ತು

ಅಪ್ಪ ಕೀ ತಿರುಗಿಸಿದರು. ಕಾರು ‘ಟಿಕ್’ ಎಂದಿತು. ಇನ್ನೊಮ್ಮೆ ತಿರುಗಿಸಿದಾಗ ಅಷ್ಟೂ ಇಲ್ಲ.

ಅಪ್ಪ ಹಿಂದಿನ ಸೀಟಿನ ಕಡೆ ತಿರುಗಿದರು. “ಬೆಗಿಮಾಯ್, ಮತ್ತೆ ಒಳಗಿನ ಲೈಟ್ ಉರಿಸಿಟ್ಟು ಬಂದಿದ್ಯಾ?”

“ಇಲ್ಲಪ್ಪ.”

“ಹಂಗಾದ್ರೆ ಬ್ಯಾಟರಿ ತಾನಾಗೇ ಖಾಲಿ ಆಯ್ತಾ?”

“ಅಕ್ಕ ಲೈಟ್ ಮಹಾರಾಣಿ,” ಎಂದ ತಮ್ಮ ಎಲ್ದಾರ್. ಅವಳು ಅವನನ್ನು ಮೊಣಕೈಯಿಂದ ತಿವಿದಳು.

ಕಳೆದ ವಾರ ಒಂದು ಸಲ ಅವಳು ಲೈಟ್ ಆರಿಸದೆ ಬಂದಿದ್ದು ನಿಜ. ಕೈಗವಸು ಹುಡುಕಲು ಕಾರಿಗೆ ಹೋದವಳು ಮರೆತಿದ್ದಳು. ಅವತ್ತಿನಿಂದ ಕಾರು ಸ್ಟಾರ್ಟ್ ಆಗದಿದ್ದರೆ ಸಾಕು, ತಪ್ಪು ಅವಳದೇ. ಆದರೆ ನಿನ್ನೆ ಸಂಜೆ ಅವಳೇ ಹೋಗಿ ಕಿಟಕಿಗೆ ಮೂಗು ಒತ್ತಿ ನೋಡಿದ್ದಳು. ಒಳಗೆ ಕತ್ತಲೆಯೇ ಇತ್ತು.

ಇವತ್ತು ಅಮ್ಮನನ್ನೂ ಹೊಸ ಪಾಪುವನ್ನೂ ನರೀನ್ ಆಸ್ಪತ್ರೆಯಿಂದ ಕರೆತರಬೇಕು. ನಡುವೆ ಕಿಝಿಲ್ ಬೆಲ್ ಘಾಟಿ ದಾಟಬೇಕು. ಅಲ್ಲಿ ಹಿಮ ಬೀಳುತ್ತಿದೆ ಎಂದು ಬೆಳಿಗ್ಗೆ ಯಾರೋ ಫೋನಿನಲ್ಲಿ ಹೇಳಿದ್ದರು. ಅಪ್ಪ ಆಗಿನಿಂದ ಚಹಾ ಕೂಡ ಕುಡಿದಿರಲಿಲ್ಲ.

ಅಪ್ಪ ತಮ್ಮ ಅಕ್ಕನಿಗೆ ಫೋನ್ ಮಾಡಿದರು. ಸಾಯಿರಾಗುಲ್ ಅತ್ತೆ ಊರಿನ ಜನರನ್ನು ಕರೆದೊಯ್ಯುವ ವ್ಯಾನ್ ಓಡಿಸುತ್ತಿದ್ದಳು. ಕೆಟ್ಟರೆ ರಿಪೇರಿಯೂ ಅವಳದೇ. ಆದರೆ ವ್ಯಾನನ್ನು ಅವಳ ಮಗ ಬಿಷ್ಕೆಕ್‌ಗೆ ಒಯ್ದಿದ್ದ. ಅತ್ತೆ ತನ್ನ ಇನ್ನೊಂದು ಬ್ಯಾಟರಿಯನ್ನು ಮಕ್ಕಳ ಜಾರುಬಂಡಿ ಮೇಲಿಟ್ಟು ಹಿಮದಲ್ಲಿ ಎಳೆದುಕೊಂಡು ಬಂದಳು.

“ರಾತ್ರಿಯೆಲ್ಲ ಒಲೆ ಪಕ್ಕ ಮಲಗಿತ್ತು ಇದು, ನನಗಿಂತ ಬೆಚ್ಚಗೆ,” ಎಂದಳು.

ಹಳೇ ಬ್ಯಾಟರಿ ತೆಗೆದು ಅದನ್ನು ಕೂರಿಸಿದರು. ಕಾರು ತಕ್ಷಣ ಸ್ಟಾರ್ಟ್ ಆಯಿತು. ಎಲ್ದಾರ್ ಚಪ್ಪಾಳೆ ತಟ್ಟಿದ.

“ಸರಿ ಅಕ್ಕ, ನಾವು ಹೊರಟ್ವಿ,” ಎಂದರು ಅಪ್ಪ.

“ತಾಳೋ ಕುಬಾತ್. ಬ್ಯಾಟರಿ ಯಾಕೆ ಖಾಲಿ ಆಯ್ತು?”

“ಈ ಹುಡುಗಿ ಲೈಟ್ ಉರಿಸಿಡ್ತಾಳೆ.”

ಬೆಗಿಮಾಯ್ ತಲೆ ತಗ್ಗಿಸಿದಳು. ಅತ್ತೆ ಅವಳನ್ನೊಮ್ಮೆ ನೋಡಿ, ಜೇಬಿನಿಂದ ಹಳದಿ ಬಣ್ಣದ ಮೀಟರ್ ತೆಗೆದಳು. ಅದಕ್ಕೆ ಎರಡು ವೈರ್ ಇದ್ದವು. ಕೆಂಪು ವೈರಿನ ತುದಿಯನ್ನು ಬ್ಯಾಟರಿಯ ಪ್ಲಸ್‌ಗೂ ಕಪ್ಪನ್ನು ಮೈನಸ್‌ಗೂ ಒತ್ತಿ ಹಿಡಿದಳು. “ಬಾ ಇಲ್ಲಿ. ನನ್ನ ಕನ್ನಡಕ ಮಂಜಾಗಿದೆ. ನೀನೇ ಓದು.”

“ಹನ್ನೆರಡು ಪಾಯಿಂಟ್ ಎರಡು.”

“ಇಂಜಿನ್ ಓಡ್ತಿದೆ ತಾನೆ?”

“ಹೂಂ.”

“ಹದಿನಾಲ್ಕು ವೋಲ್ಟ್ ಹತ್ತಿರ ಬರಬೇಕಿತ್ತು. ಕುಬಾತ್, ಹೆಡ್‌ಲೈಟೂ ಹೀಟರೂ ಹಾಕು.”

ಅಂಕಿ ಇಳಿಯಿತು. “ಹನ್ನೊಂದು ಪಾಯಿಂಟ್ ಒಂಬತ್ತು... ಈಗ ಪಾಯಿಂಟ್ ಎಂಟು,” ಎಂದಳು ಬೆಗಿಮಾಯ್. “ಇಳೀತಾನೇ ಇದೆ ಅತ್ತೆ.”

“ಇಂಜಿನ್ ಪಕ್ಕ ಗುಂಡಗೆ ಇದೆಯಲ್ಲ, ಅದು ಆಲ್ಟರ್ನೇಟರ್. ಇಂಜಿನ್ ತಿರುಗುವಾಗ ಅದು ಕರೆಂಟ್ ಮಾಡಿ ಬ್ಯಾಟರಿಗೆ ತುಂಬಬೇಕು. ಈಗ ತುಂಬ್ತಾ ಇಲ್ಲ. ಮೂಟೆಯಿಂದ ದಿನಾ ಹಿಟ್ಟು ತೆಗೀತಿದ್ದೀರಿ, ಯಾರೂ ತಂದು ಹಾಕ್ತಿಲ್ಲ.”

“ನಿನ್ನ ಬ್ಯಾಟರಿಲೇ ಹೋಗಿ ಬಂದ್ರೆ?” ಎಂದರು ಅಪ್ಪ.

“ಲೈಟು, ಹೀಟರು, ವೈಪರು ಎಲ್ಲ ಹಾಕ್ಕೊಂಡು? ಬರುವಾಗ ಘಾಟಿ ಮೇಲೆ ನಿಂತೋಗುತ್ತೆ. ಮಡಿಲಲ್ಲಿ ಕೂಸು ಬೇರೆ.”

ಅಪ್ಪ ಹೆಡ್‌ಲೈಟೂ ಹೀಟರೂ ಆರಿಸಿದರು. ಅತ್ತೆ ಮತ್ತೆ ಕೇಳಿದಳು, “ಇದು ಯಾವಾಗಿಂದ ಹೀಗೆ?”

ಬೆಗಿಮಾಯ್‌ಗೆ ಒಂದು ವಿಷಯ ಗೊತ್ತಿತ್ತು. ಇಷ್ಟು ದಿನ ನುಂಗಿಕೊಂಡಿದ್ದಳು.

“ಅಮ್ಮನ್ನ ಆಸ್ಪತ್ರೆಗೆ ಸೇರಿಸೋಕೆ ಹೋದ್ವಲ್ಲ, ಅವತ್ತು ವೈಪರ್ ತುಂಬಾ ನಿಧಾನ ಆಗಿತ್ತು. ಹೆಡ್‌ಲೈಟೂ ಮಂಕಾಗಿತ್ತು. ನಾನು ಲೈಟ್ ಮರೆತಿದ್ದು ಅದಾದ ಮೇಲೆ.”

“ಇದನ್ನ ಮೊದಲೇ ಯಾಕೆ ಹೇಳಲಿಲ್ಲ?” ಎಂದರು ಅಪ್ಪ.

“ನೆಪ ಹೇಳ್ತಿದ್ದೀನಿ ಅಂತೀರಿ ಅನ್ಕೊಂಡೆ.”

ಅಪ್ಪ ಕಾರಿನಿಂದ ಇಳಿದು ಬಂದು ಬಾನೆಟ್ ಒಳಗೆ ಇಣುಕಿದರು.

ಅತ್ತೆ ಇಂಜಿನ್ ಆರಿಸಿದಳು. ಬೆಲ್ಟ್ ಒತ್ತಿ ನೋಡಿದಳು, ಬಿಗಿಯಾಗಿಯೇ ಇತ್ತು. ಬ್ಯಾಟರಿಯ ವೈರ್ ಕಳಚಿ, ಆಲ್ಟರ್ನೇಟರಿನ ಹಿಂಭಾಗ ಬಿಚ್ಚಿದಳು. ಅದರಿಂದ ಎರಡು ಕಾರ್ಬನ್ ಬ್ರಷ್ ಹೊರಗೆ ಬಂದವು, ತಿರುಗುವ ಭಾಗಕ್ಕೆ ಒತ್ತಿ ಕೂತು ಕರೆಂಟ್ ದಾಟಿಸುವ ಕಪ್ಪು ತುಂಡುಗಳು. ಪೆನ್ಸಿಲ್ ತುಂಡಿನಷ್ಟು ಉದ್ದ ಇರಬೇಕಾದವು ಸವೆದು ಸವೆದು ಬೇಳೆಕಾಳಿನಷ್ಟಾಗಿದ್ದವು.

“ನನ್ನ ಶೆಡ್‌ನಲ್ಲಿ ಇಂಥದೇ ಹಳೇ ಆಲ್ಟರ್ನೇಟರ್ ಇದೆ. ಅದರ ಬ್ರಷ್ ಚೆನ್ನಾಗಿದೆ. ಎಲ್ದಾರ್, ನಡಿ, ಜಾರುಬಂಡಿ ಎಳಿ.”

ಶೆಡ್‌ನಿಂದ ತಂದ ಬ್ರಷ್ ಕೂರಿಸಲು ಬಹಳ ಹೊತ್ತು ಹಿಡಿಯಿತು. ಚಳಿಗೆ ಸ್ಕ್ರೂ ಬೆರಳಿಗೆ ಅಂಟುತ್ತಿತ್ತು. ಕೊನೆಯ ಸ್ಕ್ರೂಗಳನ್ನು ಅಪ್ಪನೇ ಕೈಗವಸು ಬಿಚ್ಚಿ ತಿರುಗಿಸಿದರು. ಮತ್ತೆ ಇಂಜಿನ್ ಸ್ಟಾರ್ಟ್ ಮಾಡಿ ಲೈಟೂ ಹೀಟರೂ ಹಾಕಿದರು. ಈ ಸಲ ವೈರ್ ಹಿಡಿದದ್ದು ಬೆಗಿಮಾಯ್.

“ಎಷ್ಟು?” ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದರು.

“ಹದಿನಾಲ್ಕು.” ಅವಳು ಇನ್ನೂ ಸ್ವಲ್ಪ ಹೊತ್ತು ನೋಡಿದಳು. “ಇಳೀತಿಲ್ಲಪ್ಪ. ಅಲ್ಲೇ ನಿಂತಿದೆ.”

ಎಲ್ದಾರ್ ಅತ್ತೆಯ ಹತ್ತಿರವೇ ಉಳಿದ. ಅಮ್ಮನಿಗೆಂದು ಅತ್ತೆ ಕೊಟ್ಟ ಬೊರ್ಸೋಕ್ ಚೀಲ ಬೆಗಿಮಾಯ್ ತೊಡೆಯ ಮೇಲಿತ್ತು. ಕರಿದ ಹಿಟ್ಟಿನ ವಾಸನೆ ಕಾರೆಲ್ಲ ತುಂಬಿತ್ತು. ಘಾಟಿಯಲ್ಲಿ ಒಂದು ಲಾರಿ ಕೆಟ್ಟು ನಿಂತಿತ್ತು. ಅದರ ಮೇಲೆ ಆಗಲೇ ಹಿಮ ಗುಡ್ಡೆಯಾಗಿತ್ತು. ಅಪ್ಪ, ಮಗಳು ಇಬ್ಬರೂ ಅದನ್ನು ನೋಡುತ್ತಲೇ ಮುಂದೆ ಸಾಗಿದರು.

ಆಸ್ಪತ್ರೆಯಲ್ಲಿ ಅಮ್ಮ ಕೋಟು ಹಾಕಿಕೊಂಡು, ಪಾಪುವನ್ನು ಎತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದಳು.

“ಎಷ್ಟು ತಡ. ಫೋನಲ್ಲಿ ಹೇಳಿದ್ರಲ್ಲ, ಬೆಗಿಮಾಯ್ ಮತ್ತೆ ಲೈಟ್ ಉರಿಸಿಟ್ಲಾ?”

“ಇಲ್ಲ,” ಎಂದರು ಅಪ್ಪ. “ಅವಳದ್ದೇನೂ ಇರಲಿಲ್ಲ. ನಾನೇ ನೋಡದೆ, ಕೇಳದೆ ಅವಳನ್ನ ಬೈದೆ.”

ಅಮ್ಮ ಪಾಪುವನ್ನು ಅಪ್ಪನ ಕಡೆ ಚಾಚಿದಳು. ಅವರು ಮುಂದೆ ಬಂದವರು ನಿಂತುಬಿಟ್ಟರು. ಬೆರಳುಗಳಲ್ಲೆಲ್ಲ ಗ್ರೀಸ್.

“ನನ್ನ ಕೈ ಹೀಗಿದೆ. ಬೆಗಿಮಾಯ್, ನೀನು ಎತ್ಕೋ.”

ಅವಳು ಎತ್ತಿಕೊಂಡಳು. ಪಾಪು ಅಷ್ಟು ಹಗುರ ಇರುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ. ಕಂಬಳಿಯ ಒಳಗಿನಿಂದ ಸಣ್ಣ ಉಸಿರು ಅವಳ ಕುತ್ತಿಗೆಗೆ ತಾಗಿತು. ಘಾಟಿಯಲ್ಲಿ ನಿಂತಿದ್ದ ಲಾರಿ ನೆನಪಾಯಿತು.

ಆಸ್ಪತ್ರೆಯ ಒಳಗೆ ಬೆಚ್ಚಗಿತ್ತು. ಆದರೂ ಅಪ್ಪ ಕಿಟಕಿಯಾಚೆಯ ಹಿಮವನ್ನೇ ನೋಡುತ್ತಿದ್ದರು. ಬೆಳಿಗ್ಗೆ ಚಹಾ ಕುಡಿಯದೆ ಕೂತಿದ್ದಾಗಲೂ ಅವರಿಗೆ ಈ ಘಾಟಿಯದೇ ಭಯ ಇದ್ದಿರಬೇಕು. ಸಿಟ್ಟಿನ ಮಾತಷ್ಟೇ ಕೇಳಿಸಿಕೊಂಡ ಅವಳು ಅದನ್ನು ಗಮನಿಸಿರಲಿಲ್ಲ.

ಬೆಗಿಮಾಯ್ ಅಪ್ಪನ ಹತ್ತಿರ ಸರಿದಳು. ಅವರಿಗೆ ಪಾಪುವಿನ ಮುಖ ಕಾಣುವಂತೆ ಕಂಬಳಿಯ ಅಂಚನ್ನು ಮೆಲ್ಲಗೆ ಕೆಳಗೆ ಜಾರಿಸಿ ಹಿಡಿದುಕೊಂಡಳು.