ನಾಯಿಮನೆಯ ಅಳಿಯ

“ಅವಳಿಗೆ ಏನು ಬೇಕು ಅಂತ ಮಾತ್ರ ಯಾವತ್ತೂ ಕೇಳ್ಬೇಡಿ, ಅಳಿಯಂದ್ರೇ.”

ಮದುವೆಯ ಮರುದಿನ ಬೆಳಿಗ್ಗೆ ಅತ್ತೆ ತೊಮೆ ಹೇಳಿದ ಮೊದಲ ಮಾತು ಅದು. ಗೆಂಜಿರೊ ಬಾಯಲ್ಲಿದ್ದ ಅನ್ನ ಸಿಡಿಯುವಂತೆ ನಕ್ಕ.

“ಕೇಳಿದ್ರೆ ಏನಾಗುತ್ತೆ ಅತ್ತೆ? ರೇಷ್ಮೆ ಕಿಮೋನೊ ಕೊಡ್ಸಿ ಅಂತ ಗಂಟು ಬೀಳ್ತಾಳಾ?”

ತೊಮೆ ಒಲೆಯ ಬೂದಿಯನ್ನು ಕಡ್ಡಿಯಿಂದ ಸಮ ಮಾಡುತ್ತ ಕೂತಳು. ಬಾಗಿಲ ಬಳಿ ಅವನ ಹೆಂಡತಿ ಹಿಸಾನೊ ಹೊಗೆಸೊಪ್ಪಿನ ಎಲೆಗಳನ್ನು ಹಗ್ಗಕ್ಕೆ ಪೋಣಿಸುತ್ತಿದ್ದಳು. ಅವಳೂ ತಲೆ ಎತ್ತಲಿಲ್ಲ.

ಗೆಂಜಿರೊ ಕೋಬೆ ಬಂದರಿನವನು. ಯುದ್ಧದಲ್ಲಿ ತನ್ನವರನ್ನೆಲ್ಲ ಕಳೆದುಕೊಂಡು, ದಿಮ್ಮಿ ಸಾಗಿಸುವ ಲಾರಿಯ ಜೊತೆ ಸಮುದ್ರದಾಚೆಯ ಇಯಾ ಕಣಿವೆಗೆ ಬಂದಿದ್ದ. ಈ ಮನೆಗೆ ಗಂಡು ದಿಕ್ಕಿರಲಿಲ್ಲ. ಮನೆಅಳಿಯನಾಗಿ ಬಂದು, ಅವರ ಮನೆತನದ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡ. ಊರಿನ ಒಬ್ಬ ಗಂಡೂ ಆ ಮನೆಯ ಹೆಣ್ಣನ್ನು ಏಕೆ ಕೇಳಿರಲಿಲ್ಲವೆಂದು ಅವನಿಗೆ ತಿಳಿದದ್ದು ಹೆಂಡದಂಗಡಿಯಲ್ಲಿ.

“ಬಾರಯ್ಯ, ನಾಯಿಮನೆ ಅಳಿಯ,” ಎಂದ ಅಂಗಡಿಯ ಕುಮಾಜಿ. “ನನ್ನ ಹೊಸ ಗಡಿಯಾರ ಚೆನ್ನಾಗಿದೆ ಅಂತ ಮನೇಲಿ ಹೇಳ್ಬೇಡ ಮಹರಾಯ. ನಿನ್ನ ಹೆಂಡ್ತಿಗೆ ಆಸೆ ಆದೀತು.”

“ಆದ್ರೆ?”

ಕುಮಾಜಿ ದನಿ ತಗ್ಗಿಸಿದ. ಆ ಮನೆಯ ಹಿರಿಯನೊಬ್ಬ ಒಂದು ನಾಯಿಯನ್ನು ಕತ್ತಿನವರೆಗೆ ಮಣ್ಣಲ್ಲಿ ಹೂತು, ನಾಲಿಗೆ ಚಾಚಿದರೂ ಎಟುಕದಷ್ಟು ದೂರದಲ್ಲಿ ಮೀನು ಇಟ್ಟಿದ್ದನಂತೆ. ಹಸಿವು ತಾರಕಕ್ಕೇರಿ ಅದು ಹುಚ್ಚಾದ ಗಳಿಗೆಯಲ್ಲಿ ತಲೆ ಕಡಿದನಂತೆ. “ತಲೆ ಹೋಯ್ತು, ಹಸಿವು ಹೋಗ್ಲಿಲ್ಲ. ಇನುಗಾಮಿ ಅಂತೀವಿ ನಾವು. ನಾಯಿದೈವ. ಆ ಮನೆಯವರು ಏನು ಆಸೆಪಟ್ರೂ ಓಡಿಹೋಗಿ ಕಿತ್ಕೊಂಡು ಬರುತ್ತೆ. ಯಾರದಾದ್ರೂ ಸರಿ.”

“ಹಂಗಾದ್ರೆ ನನಗೊಂದು ಹೊಸ ಲಾರಿ ಕಿತ್ಕೊಂಡು ಬಾ ಅಂತೀನಿ ಬಿಡು!”

ಅಂಗಡಿಯಲ್ಲಿ ಯಾರೂ ನಗಲಿಲ್ಲ.

ಹಿಸಾನೊಳ ಸ್ಥಿತಿಯೂ ನಗುವ ವಿಷಯವಾಗಿರಲಿಲ್ಲ. ಅವಳು ಸಂತೆಯಲ್ಲಿ ನೆಲ ನೋಡುತ್ತ ನಡೆಯುತ್ತಿದ್ದಳು. ತಟ್ಟೆಯಲ್ಲಿ ಬಿದ್ದದ್ದನ್ನು ತಿಂದು ಏಳುತ್ತಿದ್ದಳು. ಚೆನ್ನಾಗಿದೆ ಎಂಬ ಮಾತು ಅವಳ ಬಾಯಲ್ಲಿ ಬಂದದ್ದೇ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅವಳು ಮಲಗಿದ್ದನ್ನು ಗೆಂಜಿರೊ ಕಂಡಿರಲಿಲ್ಲ. ಕಂಬಕ್ಕೆ ಒರಗಿ ಕೂತೇ ಇರುತ್ತಿದ್ದಳು. ಕಣ್ಣು ಎಳೆದರೆ ತೊಡೆ ಚಿವುಟಿಕೊಳ್ಳುತ್ತಿದ್ದಳು. ಅವಳ ಕಣ್ಣ ಕೆಳಗಿನ ಚರ್ಮ ನೆನೆದ ಕಾಗದದ ಹಾಗಿತ್ತು.

“ಎಚ್ಚರ ಇದ್ದಾಗ ಮನಸ್ಸನ್ನ ಹಿಡ್ಕೋಬಹುದು,” ಎಂದಿದ್ದಳು ಒಮ್ಮೆ. “ಕನಸಲ್ಲಿ ಹೇಗ್ರೀ ಹಿಡ್ಕೊಳ್ಳೋದು?”

ಹಿಸಾನೊ ಚಿಕ್ಕವಳಿದ್ದಾಗ ನೆರೆಮನೆಯ ಹುಡುಗಿಯೊಬ್ಬಳು ಚೆನ್ನಾಗಿ ಹಾಡುತ್ತಿದ್ದಳಂತೆ. ಆ ದನಿಯಲ್ಲಿ ತಾನು ಹಾಡಿದ ಹಾಗೆ ಹಿಸಾನೊಗೆ ಕನಸು ಬಿತ್ತು. ಬೆಳಗಾಗುವಾಗ ಆ ಹುಡುಗಿಯ ದನಿ ಹೋಗಿತ್ತು. ಈಗಲೂ ಅವಳು ಬೆರಳು ತೋರಿಸಿಯೇ ತೋಫು ಮಾರುತ್ತಾಳೆ.

ಗೆಂಜಿರೊ ನಂಬಲಿಲ್ಲ. ಅವನಿಗೆ ಬಂದದ್ದು ಸಿಟ್ಟು. ಒಂದು ಜೀವವನ್ನು ಹೀಗೆ ಬತ್ತಿಸಿಬಿಟ್ಟಿದ್ದಾರಲ್ಲ ಎಂಬ ಸಿಟ್ಟು. ಅವಳು ಬಾಯಿಬಿಟ್ಟು ಒಮ್ಮೆ ಬೇಕು ಅನ್ನಲಿ, ಏನೂ ಆಗದ್ದನ್ನು ಕಣ್ಣಾರೆ ಕಾಣಲಿ, ಆಮೇಲಾದರೂ ಮನುಷ್ಯರ ಹಾಗೆ ಬದುಕಲಿ.

ಮಾಗಿಯ ಒಂದು ಮಧ್ಯಾಹ್ನ ಜಗಲಿಯ ಮೇಲೆ ಹಿತವಾದ ಬಿಸಿಲಿತ್ತು. ಊಟ ಮುಗಿದಿತ್ತು. ಗೆಂಜಿರೊ ಅವಳ ಕೈಯಿಂದ ಹೊಗೆಸೊಪ್ಪನ್ನು ಕಸಿದು ಬದಿಗಿಟ್ಟ.

“ಇವತ್ತು ಹೇಳಲೇಬೇಕು. ಏನು ಬೇಕು ನಿನಗೆ?”

“ಬೇಡ ರೀ.”

“ಊರವರದ್ದು ಬೇಡ ಕಣೇ. ನನ್ನದೇ ಏನಾದ್ರೂ ಕೇಳು. ಕಚ್ಚೋದಿದ್ರೆ ನನ್ನನ್ನೇ ಕಚ್ಚಲಿ ನಿಮ್ಮ ನಾಯಿ.”

“ನಿಮ್ಮ ಹತ್ರ ಏನಿದೆ ಅಂತ ಕೇಳಲಿ? ಹರಕು ಬನಿಯನ್. ಗೊರಕೆ.”

ಅವಳು ತಮಾಷೆ ಮಾಡಿದ್ದು ಅದೇ ಮೊದಲು. ಗೆಂಜಿರೊ ನಗುತ್ತಲೇ ಹಲಗೆಯ ಮೇಲೆ ಕಾಲು ಚಾಚಿದ. ತಲೆ ನೆಲಕ್ಕೆ ತಾಗಿದೊಡನೆ ನಿದ್ದೆ ಬರುವ ಮನುಷ್ಯ ಅವನು. ಕಣ್ಣು ಮುಚ್ಚುವಾಗ ಹಿಸಾನೊಳ ಮುಖ ಕಂಡಿತು. ಅವಳು ಅವನನ್ನೇ ನೋಡುತ್ತಿದ್ದಳು. ನೆಲ ನೋಡಲಿಲ್ಲ.

ಮೊದಲು ಬಂದದ್ದು ವಾಸನೆ. ಒದ್ದೆ ಕೂದಲು, ಅಗೆದ ಮಣ್ಣು, ಕೊಳೆತ ಮೀನು. ಆಮೇಲೆ ಹಲಗೆಯ ಅಡಿಯಲ್ಲಿ ಕೆರೆಯುವ ಸದ್ದು. ಉಗುರು. ಅದು ಅವನ ಸೊಂಟದ ಕೆಳಗಿತ್ತು. ಬೆನ್ನ ಕೆಳಗೆ ಬಂತು. ಕತ್ತಿನ ಕೆಳಗೆ ನಿಂತಿತು. ಅವನು ಏಳಬೇಕೆಂದುಕೊಂಡ. ಆಗಲಿಲ್ಲ. ಕಿವಿಯ ಬಳಿ ಉಸಿರು. ಬಿಸಿ ಉಸಿರು. ಒಂದು ನಾಲಿಗೆ ಅವನ ಎಡಗಣ್ಣಿನ ರೆಪ್ಪೆಯನ್ನು ನೆಕ್ಕಿತು. ಒರಟು ನಾಲಿಗೆ. ಆಮೇಲೆ ಬಲಗಣ್ಣು. ನಿಧಾನವಾಗಿ. ಬಟ್ಟಲ ತಳಕ್ಕೆ ಅಂಟಿದ್ದನ್ನು ನೆಕ್ಕುವ ಹಾಗೆ.

ಅವನು ಚೀರುತ್ತ ಎದ್ದು ಕೂತ.

ಹಿಸಾನೊ ಹೊಗೆಸೊಪ್ಪಿನ ರಾಶಿಗೆ ಕೆನ್ನೆ ಆನಿಸಿ ಮಲಗಿದ್ದಳು. ಬಾಯಿ ತುಸು ತೆರೆದಿತ್ತು. ಅವನ ಚೀರಾಟಕ್ಕೂ ಏಳಲಿಲ್ಲ. ಹೊಲದಿಂದ ಬಂದ ತೊಮೆ ಅಂಗಳದಲ್ಲೇ ನಿಂತು ಮಗಳನ್ನು ನೋಡಿದಳು, ಅಳಿಯನ ಕಣ್ಣುಗಳನ್ನು ನೋಡಿದಳು.

“ಕೇಳಿಬಿಟ್ರಾ?” ಎಂದಳು.

ಗೆಂಜಿರೊಗೆ ಮತ್ತೆ ನಿದ್ದೆ ಬರಲಿಲ್ಲ. ಹೆಂಡ ಕುಡಿದ, ಬೆಟ್ಟ ಹತ್ತಿ ಇಳಿದ, ದಿಮ್ಮಿಗಳನ್ನು ಒಬ್ಬನೇ ಹೊತ್ತ. ಮೈ ಸೋತಿತು, ಕಣ್ಣು ಮುಚ್ಚಿದರೆ ರೆಪ್ಪೆಯ ಒಳಗೂ ಬೆಳಕಿರುತ್ತಿತ್ತು. ಅನ್ನಕ್ಕೆ ರುಚಿ ಹೋಯಿತು. ಜನರ ಮಾತು ನೀರಿನಡಿಯಿಂದ ಬಂದ ಹಾಗೆ ಕೇಳುತ್ತಿತ್ತು. ತಿರುವೊಂದರಲ್ಲಿ ಲಾರಿಯ ಮುಂದಿನ ಗಾಲಿ ಕಮರಿಯ ಅಂಚು ದಾಟಿ ನಿಂತಿತು. ಅವನಿಗೆ ಹೆದರುವಷ್ಟೂ ತ್ರಾಣವಿರಲಿಲ್ಲ.

ಹಿಸಾನೊಳ ಕೆನ್ನೆಗಳು ತುಂಬಿಕೊಂಡವು. ಎಚ್ಚರವಿದ್ದಾಗ ಅವನ ಕಾಲು ಹಿಡಿದು ಅಳುತ್ತಿದ್ದಳು. “ವಾಪಸ್ ಕೊಡೋದು ಹೇಗೆ ಅಂತ ಗೊತ್ತಿಲ್ಲ ರೀ.” ಮಲಗಬಾರದೆಂದು ಸೂಜಿಯಿಂದ ಅಂಗೈ ಚುಚ್ಚಿಕೊಳ್ಳುವಳು. ಸೂಜಿ ಕೈಯಲ್ಲಿರುವಾಗಲೇ ನಿದ್ದೆ ಅವಳನ್ನು ಎಳೆದುಕೊಳ್ಳುತ್ತಿತ್ತು.

“ಅವಳು ಮಲಗಿರೋದನ್ನ ನೋಡ್ಬೇಡಿ,” ಎಂದಳು ತೊಮೆ. “ಈ ಮನೆ ಹೆಸರು ಹೊತ್ತವರಿಗೆಲ್ಲ ಒಂದೊಂದು ಹುಟ್ಕೊಳ್ಳುತ್ತೆ, ಅಳಿಯಂದ್ರೇ. ನಿಮಗೂ ಈಗ ಒಂದಿದೆ. ಆಸೆಪಟ್ರೆ ಅದು ಬರೀ ನಿದ್ದೆ ತಗೊಂಡು ಸುಮ್ನಾಗಲ್ಲ. ಜೀವ ಬಿಟ್ರೆ ಅವಳಲ್ಲಿ ಬೇರೇನು ಉಳಿದಿದೆ, ಹೇಳಿ.”

ಅವನು ನೋಡಲಿಲ್ಲ. ಆದರೆ ಒಂದು ಮಧ್ಯಾಹ್ನ ನೀರು ಕುಡಿಯಲು ಒಳಗೆ ಬಂದಾಗ ಅವಳು ಒಲೆಯ ಪಕ್ಕ ಮಲಗಿದ್ದಳು. ಅವಳ ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಎಷ್ಟು ಹಗುರವಾಗಿ. ಅಯ್ಯೋ, ನನಗೆ ಅದು—

ಅವನ ಪಾದದಡಿ ಹಲಗೆ ಕೆರೆಯಿತು.

ಸದ್ದು ಅವನನ್ನು ಬಿಟ್ಟು ಮುಂದೆ ಸರಿಯಿತು. ಒಲೆಯ ಕಡೆಗೆ. ಅವಳ ಕಡೆಗೆ. “ಬೇಡ,” ಎಂದ. “ನನಗೆ ಬೇಡ, ಬೇಡ.” ಓಡಿದ. ಚಪ್ಪಲಿ ಮೆಟ್ಟಲಿಲ್ಲ. ಅವಳನ್ನು ಎಬ್ಬಿಸಲಿಲ್ಲ. ಹಿಂದೆ ನೋಡಲಿಲ್ಲ. ಸೇತುವೆಯ ಬಳಿ ತೊಮೆ ಎದುರಾದಳು.

“ದೂರ ಹೋಗ್ತೀನಿ ಅತ್ತೆ. ಸಮುದ್ರ ದಾಟಿ. ಅದು ಮನೇದು ತಾನೆ? ಮನೆ ಬಿಟ್ಟು ಬರಲ್ಲ ತಾನೆ?”

ಮುದುಕಿ ಕಾಲಿನಿಂದ ತನ್ನ ಹುಲ್ಲುಚಪ್ಪಲಿ ಬಿಚ್ಚಿ ಅವನ ಮುಂದಿಟ್ಟಳು.

ತಕಮತ್ಸು ಬಂದರಿನಿಂದ ಒಸಾಕಾಗೆ ಹೊರಟ ಹಡಗಿನಲ್ಲಿ ಮಧ್ಯಾಹ್ನದ ಬಿಸಿಲಿತ್ತು. ಒಳಗೆ ಚಾಪೆಗಳ ಮೇಲೆ ಪ್ರಯಾಣಿಕರು ಸಾಲಾಗಿ ಮಲಗಿದ್ದರು. ವ್ಯಾಪಾರಿಗಳು, ಅಜ್ಜಿಯರು, ತಾಯಿಯ ತೋಳಿನ ಮೇಲೆ ಒಂದು ಮಗು. ಗೆಂಜಿರೊ ಬಾಗಿಲಿಗೆ ಬೆನ್ನು ಮಾಡಿ ಹೊರಗೆ ಕಟಕಟೆ ಹಿಡಿದು ನಿಂತ.

“ಒಳಗೆ ಜಾಗ ಇದೆಯಲ್ಲ ಯಜಮಾನ್ರೇ,” ಎಂದ ಹಡಗಿನ ಆಳು. “ಒಂದು ನಿದ್ದೆ ತೆಗೀರಿ. ಹೆಣದ ಹಾಗೆ ಕಾಣ್ತಿದೀರಿ.”

“ಗಾಳಿ ಚೆನ್ನಾಗಿದೆ. ಇಲ್ಲೇ ಇರ್ತೀನಿ.”

ಅವನು ಅಲೆಗಳನ್ನು ನೋಡಿದ. ಏನನ್ನೂ ಬಯಸದೆ ಇರಲು ನೋಡಿದ. ಆದರೆ ಬೆನ್ನ ಹಿಂದೆ ಅಷ್ಟು ಜನರ ಉಸಿರು ಏರುತ್ತಿತ್ತು, ಇಳಿಯುತ್ತಿತ್ತು. ಉಪ್ಪುಗಾಳಿಯ ನಡುವೆ ಒದ್ದೆ ಕೂದಲಿನ ವಾಸನೆ ಬಂತು.

ಒಳಗೆ ಮಗು ಕಿಟಾರನೆ ಕಿರುಚಿತು. ತಾಯಿ ಎದ್ದು ಕೂತಳು. ಒಬ್ಬ ಅಜ್ಜಿ ಎದ್ದು ಕೂತಳು. ಒಬ್ಬೊಬ್ಬರಾಗಿ ಎಲ್ಲರೂ ಎದ್ದು, ಒದ್ದೆಯಾದ ರೆಪ್ಪೆಗಳನ್ನು ಅಂಗೈಯಲ್ಲಿ, ತೋಳಿನಲ್ಲಿ ಒರೆಸಿಕೊಳ್ಳತೊಡಗಿದರು. ಮಗುವಿನ ಕಿರುಚಾಟ ನಿಲ್ಲಲಿಲ್ಲ.

ಗೆಂಜಿರೊನ ಕಣ್ಣುಗಳು ಭಾರವಾದವು. ಆ ಭಾರ ಯಾರದೆಂದು ಅವನಿಗೆ ಗೊತ್ತಿತ್ತು. ಬೇಡವೆನ್ನಲು ಬಾಯಿ ತೆರೆದ. ತುಂಬ ದಣಿದಿದ್ದ.

ಕಟಕಟೆಗೆ ಒರಗಿ ಮೆಲ್ಲನೆ ಕುಸಿದು, ಮೊಣಕಾಲ ಮೇಲೆ ತಲೆಯಿಟ್ಟು, ಅವನು ಮಲಗಿದ.