ಬಾಲದಿಂದ ಓದಬೇಕಾದ ಎಂಟು ಬೈಟು

ಒಂದು ತಪ್ಪು ನಂಬರಿಗೆ ಒಂದು ಬೆರಳು. ಅದೇ ರೇಟು!

ಎರಡು ತಪ್ಪಾಗಿತ್ತು. ಕುರ್ಚಿಗೆ ಕಟ್ಟಿಹಾಕಿದ್ದ ಭಾವನ ಎಡಗೈಯ ಎರಡು ಬೆರಳು ಮೇಜಿನ ಮೇಲೆ ಜಜ್ಜಿಹೋಗಿದ್ದವು. ಮುರಿದವನ ಹೆಸರು ಸುತ್ತಿಗೆ. ಹೆಸರಿಗೆ ತಕ್ಕ ಆಯುಧ ಬಲಗೈಯಲ್ಲಿ, ಪಿಸ್ತೂಲು ಎಡಗೈಯಲ್ಲಿ.

ಭಾನುವಾರದ ಮಧ್ಯಾಹ್ನ. ವಜ್ರ ಸಾಣೆ ಹಿಡಿಯುವ ಕಾರ್ಖಾನೆ. ಭಾವ ಅಲ್ಲಿ ಕಾವಲುಗಾರ. ಸ್ಟ್ರಾಂಗ್ ರೂಮಿನ ಕೋಡು ಗೊತ್ತಿದ್ದ ಮ್ಯಾನೇಜರ್ ಬಾಗಿಲ ಬಳಿ ಹೆಣವಾಗಿ ಬಿದ್ದಿದ್ದ. ಬೀಗದ ಸಿಸ್ಟಮ್ ನೋಡಿಕೊಳ್ಳುವವನು ನಾನು. ಅದಕ್ಕೇ ಸುತ್ತಿಗೆ ನನ್ನನ್ನು ಎಳೆದು ತಂದಿದ್ದ. ಬಂದ ಕೂಡಲೇ ಒಂದು ಹಲ್ಲು ಹೋಗಿತ್ತು.

"ಓದು!" ಎಂದ ಸುತ್ತಿಗೆ.

ಬೀಗದ ಡೇಟಾಬೇಸು ಬಲು ಜುಗ್ಗ, ಸ್ವಾಮಿ. ಬಾಗಿಲ ನಂಬರು ಕೊಟ್ಟರೆ ಎಂಟು ಬೈಟು ಕಕ್ಕುತ್ತದೆ. ಹೆಸರಿಲ್ಲ, ವಿವರವಿಲ್ಲ. ಮೊದಲ ನಾಲ್ಕು, ಬೀಗ ಹಾಕಿದ ಹೊತ್ತು. ಕೊನೆಯ ನಾಲ್ಕು, ಕೋಡು.

ಪರದೆಯ ಮೇಲೆ ಕೊನೆಯ ನಾಲ್ಕು ಹೀಗಿದ್ದವು: 61 5E 07 00.

"ನನ್ನ ಕಂಪ್ಯೂಟರ್ ಪಂಡಿತ ಓದ್ದ. ಹತ್ತಂಕಿ ಬಂತು. ಕೀಪ್ಯಾಡಿಗೆ ಬೇಕಾಗಿರೋದು ಆರು! ಮೊದಲಿನ ಆರು ಒತ್ತಿದ, ಕೊನೇ ಆರು ಒತ್ತಿದ..."

ಪಂಡಿತ ಮೂಲೆಯಲ್ಲಿ ತಲೆಯೊಡೆದು ಬಿದ್ದಿದ್ದ.

"ಎಡದಿಂದ ಓದಿದ್ದಾನೆ. ಈ ಮೆಷಿನ್ನು ಚಿಕ್ಕದನ್ನ ಮುಂದೆ, ದೊಡ್ಡದನ್ನ ಹಿಂದೆ ಇಡುತ್ತೆ. ಬಾಲದಿಂದ ಓದಬೇಕು," ಎಂದೆ.

"ಕತೆ ಕಟ್ಟಬೇಡ!"

"ಹೊತ್ತು ನೋಡು. ಬಾಲದಿಂದ ಓದಿದ್ರೆ ನಿನ್ನೆ ಸಂಜೆ ನಾಲ್ಕು ಹತ್ತು. ಭಾವ, ಬೀಗ ಹಾಕಿದ್ದು ಯಾವಾಗ?"

"ನಾಲ್ಕು ಹತ್ತೇ..." ಭಾವ ನರಳಿದರು. "ನಿಮ್ಮಕ್ಕ ಆಗಲೇ ಫೋನ್ ಮಾಡಿದ್ಲು ಮಾರಾಯ. ಬೇಗ ಬನ್ನಿ ಅಂತ."

ಸುತ್ತಿಗೆಯ ಕಣ್ಣು ಅರಳಿತು. ನಂಬಿದ!

"ಮೂರನೇದೂ ತಪ್ಪಾದ್ರೆ ಸೈರನ್ ಕೂಗುತ್ತೆ ಅಂತ ಗೊತ್ತು. ಕೂಗಿದ್ರೆ ಮೊದಲ ಗುಂಡು ನಿನ್ನ ಭಾವಂಗೆ."

"ಗೊತ್ತು."

ಕೋಡು ನನ್ನ ತಲೆಯಲ್ಲಿ ತಯಾರಾಗಿತ್ತು. ಬಾಲದಿಂದ 00 07 5E 61; ಮೆಷಿನ್ನಿನ ಹದಿನಾರರ ಲೆಕ್ಕವನ್ನು ನಮ್ಮ ಹತ್ತರ ಲೆಕ್ಕಕ್ಕೆ ತಂದರೆ 482913. ಹೇಳಿದರೆ ಬಾಗಿಲು ತೆರೆಯುತ್ತದೆ. ಆಮೇಲೆ? ಮುಖ ನೋಡಿದ ಇಬ್ಬರನ್ನು ಅವನು ಉಳಿಸುವನೇ? ಮ್ಯಾನೇಜರ್‌ನ ಹೆಣ ಉತ್ತರ ಹೇಳುತ್ತಿತ್ತು.

"ನಾಲ್ಕು, ಎಂಟು, ಎರಡು, ಒಂಬತ್ತು..." ಎಂದೆ.

ಅವನು ಸುತ್ತಿಗೆ ಸೊಂಟಕ್ಕೆ ಸಿಕ್ಕಿಸಿ ಬಾಗಿಲ ಚೌಕಟ್ಟಿನೊಳಗಿದ್ದ ಕೀಪ್ಯಾಡಿಗೆ ಬಗ್ಗಿ ಬಲಗೈಯಲ್ಲಿ ಒತ್ತತೊಡಗಿದ. ಪಿಸ್ತೂಲು ಭಾವನ ಕಡೆಗೇ!

"ಮೂರು. ಒಂದು."

ಕೊನೆಯೆರಡು ಅದಲು ಬದಲು.

ಸೈರನ್ ಗೊತ್ತಿತ್ತು ಅವನಿಗೆ. ಅದರ ಜೊತೆ ಮೇಲಿಂದ ಬೀಳುವ ಮುನ್ನೂರು ಕಿಲೋ ಉಕ್ಕಿನ ಶಟರು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಕೂರಿಸಿದವನೇ ನಾನು!

ಧಡಾರ್!

ಶಟರಿನಡಿ ಅವನ ಹೆಗಲ ಮೂಳೆ ಒಣಕಟ್ಟಿಗೆಯಂತೆ ಲಟಕ್ಕೆಂದಿತು. ಪಿಸ್ತೂಲು ಸಿಡಿಯಿತು. ಗುಂಡು ಛಾವಣಿಗೆ ಹೋಯಿತು. ನಾನು ಕುರ್ಚಿ ಸಮೇತ ಭಾವನನ್ನು ಉರುಳಿಸಿ, ಅವನ ಕೈಯಿಂದ ಜಾರಿದ ಪಿಸ್ತೂಲನ್ನು ದೂರಕ್ಕೆ ಒದ್ದೆ. ಕೈ ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದವನ ಸೊಂಟದಿಂದ ಸುತ್ತಿಗೆ ಕಿತ್ತು, ಅವನ ಮೊಣಕಾಲಿಗೇ ಎರಡು ಬಿಟ್ಟೆ. ಬೆರಳಿಗೊಂದು ಲೆಕ್ಕ.

"ತೆಗಿಯೋ... ಶಟರ್ ತೆಗಿಯೋ!" ಅವನು ಅರಚಿದ.

"ಪೊಲೀಸ್ ಕೀ ಇಲ್ದೆ ಏಳಲ್ಲಪ್ಪ. ನಿಯಮ."

ಭಾವ ನೆಲದಲ್ಲಿದ್ದುಕೊಂಡೇ ಕೇಳಿದರು. "ನಿಜವಾದ ನಂಬರು ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು ಭಾವ."

"ನಿಮ್ಮಕ್ಕಂಗೆ ಹೇಳ್ಬೇಡ. ಗೊತ್ತಿದ್ದೂ ಸುಳ್ಳು ಹೇಳಿದೆ ಅಂದ್ರೆ ನಿನ್ನ ಉಳಿಸಲ್ಲ."

ಹೋದದ್ದು ಭಾವನ ಎರಡು ಬೆರಳು, ನನ್ನ ಒಂದು ಹಲ್ಲು. ಉಳಿದದ್ದು ಭಾವನ ಜೀವ.

ಆ ಶಟರಿಗೆ ಒಂದು ವರ್ಷ ಗ್ಯಾರಂಟಿ ಬರೆದುಕೊಟ್ಟಿದ್ದೆ... ಮುಗಿಯಲು ಇನ್ನೂ ಆರು ದಿನವಿತ್ತು!